ಎಂಟನೆಯ ಹೆಸರು

ಮನುಷ್ಯ ಅಳಿದರೂ ಅವನ ಧ್ವನಿ ಉಳಿಯುತ್ತದೆ ಎಂದು ತಿಳಿದವರು ಗಂಭೀರವಾಗಿ ಹೇಳುವುದುಂಟು. ನಾನು ಇದನ್ನು ಪ್ರಯೋಗ ಮಾಡಿ ನೋಡಿದ್ದೇನೆ. ಇಪ್ಪತ್ತಮೂರು ದಿನ ಉಳಿಯುತ್ತದೆ.

ಕೆಂಚಿಯ ಧ್ವನಿಯನ್ನು ಅಳಿಸಿದವನು ನಾನು. ಅವಳ ಮಗಳು ಬೊಮ್ಮಿ ಅದನ್ನು ಕೇಳಲು ಬಂದಾಗ, ನೀನು ಕೊಟ್ಟ ಕ್ಯಾಸೆಟ್ಟೇ ಹಾಳಾಗಿತ್ತು, ಅದರಲ್ಲಿ ಏನೂ ಉಳಿದಿರಲಿಲ್ಲ ಎಂದು ಹೇಳಿದವನೂ ನಾನೇ. ಮೊದಲನೆಯದನ್ನು ತಪ್ಪು ಎನ್ನಬಹುದು. ಎರಡನೆಯದನ್ನು — ಎರಡನೆಯದಕ್ಕೆ ಸರಿಯಾದ ಪದ ಹುಡುಕುತ್ತ ಮೂರು ವರ್ಷ ಕೂತೆ. ವೃತ್ತಿಯಲ್ಲಿ ಬರಹಗಾರನಾದರೂ ಸಿಗಲಿಲ್ಲ.

ಬರಹಗಾರ ಎಂದರೆ ಕಥೆ ಕವನದವನಲ್ಲ. ಮೀನಂಗಡಿಯಲ್ಲಿ ಆಧಾರ ಬರೆಯುವವನು. ಜಾಗ ಕೈ ಬದಲಾಗುವಾಗ ನೋಂದಣಿಗೆ ಬೇಕಾದ ಪತ್ರವಿದೆಯಲ್ಲ, ಅದಕ್ಕೆ ನಮ್ಮಲ್ಲಿ ಆಧಾರ ಎನ್ನುತ್ತಾರೆ. ಬರೆಯುವುದು ಮಲಯಾಳದಲ್ಲಿ. ಮನೆಯ ಮಾತು ಕನ್ನಡ. ಎಷ್ಟೋ ತಲೆಮಾರಿನ ಹಿಂದೆ ಗಡಿಯಾಚೆಯಿಂದ ಬಂದು ಇಲ್ಲಿ ಗದ್ದೆ ಮಾಡಿಕೊಂಡು ಕೂತ ಜೈನರು ನಾವು; ಇಲ್ಲಿಯವರ ಬಾಯಲ್ಲಿ ಗೌಡರು. ಬಸದಿಯಲ್ಲಿ ಪ್ರಾಕೃತ, ಹೆಂಡತಿಯೊಡನೆ ಕನ್ನಡ, ಸರಕಾರದೊಡನೆ ಮಲಯಾಳ, ಕಂಪ್ಯೂಟರಿನೊಡನೆ ಇಂಗ್ಲಿಷ್. ಇಷ್ಟು ಬಾಗಿಲಿರುವ ಮನೆಯಲ್ಲಿ ಒಂದು ವಸ್ತು ಕಳೆದುಹೋದರೆ ಆಶ್ಚರ್ಯವೇನು — ಇಲ್ಲ, ಇದು ನೆಪದ ಹಾಗೆ ಕೇಳುತ್ತಿದೆ. ಹಿಂದೆ ತೆಗೆದುಕೊಳ್ಳುತ್ತೇನೆ.

ಮೂರು ವರ್ಷದ ಹಿಂದೆ ನನಗೆ ಮನೆಯಲ್ಲಿ ಒಂದು ಫೈಲ್ ಸರ್ವರ್ ಮಾಡುವ ಹುಚ್ಚು ಹಿಡಿಯಿತು. ಜೀವಮಾನದ ಕರಡು ಪತ್ರಗಳು, ಬಸದಿಯ ಕಾಗದಗಳು, ಮದುವೆ ಫೋಟೋಗಳು — ಎಲ್ಲ ಅಲ್ಲೊಂದು ಇಲ್ಲೊಂದು ಪೆನ್‌ಡ್ರೈವಿನಲ್ಲಿ ಚೆಲ್ಲಾಡಿದ್ದವು. ಯಾರೋ ಹೊರಗೆ ಹಾಕಿದ್ದ ಹಳೆಯ ಕಂಪ್ಯೂಟರೊಂದನ್ನು ತಂದು, ಎರಡು ಡಿಸ್ಕು ಹಾಕಿ, ಮೆಣಸು ತುಂಬಿಡುವ ಕೋಣೆಯಲ್ಲಿ ಪ್ರತಿಷ್ಠಾಪನೆ ಮಾಡಿದೆ. ಮನೆಯಲ್ಲಿ ಬೂಸ್ಟು ಹಿಡಿಯದ ಜಾಗ ಅದೊಂದೇ.

ಕಂಪ್ಯೂಟರ್ ನಡೆಸುವ ಲಿನಕ್ಸ್ ತಂತ್ರಾಂಶದಲ್ಲಿ ಒಂದು ಪಂಗಡವಿದೆ. ಅದರಲ್ಲಿ ಇದನ್ನು ಹಾಕು, ಅದನ್ನು ತೆಗೆ ಎಂದು ಯಂತ್ರದ ಜೊತೆ ಗುದ್ದಾಡುವಂತಿಲ್ಲ. ಯಂತ್ರ ಹೇಗಿರಬೇಕೋ ಅದನ್ನೆಲ್ಲ ಒಂದೇ ಕಡತದಲ್ಲಿ ಬರೆದಿಡಬೇಕು: ಯಾವ ತಂತ್ರಾಂಶ, ಯಾರಿಗೆ ಪ್ರವೇಶ, ಯಾವ ಫೋಲ್ಡರ್ ಉಳಿಯಬೇಕು. ಒಂದು ಆಜ್ಞೆ ಕೊಟ್ಟರೆ ಯಂತ್ರ ಆ ಬರಹದಂತೆ ಆಗುತ್ತದೆ. ಬರೆದದ್ದು ಉಂಟು; ಬರೆಯದ್ದು ಇಲ್ಲ. ಇದನ್ನು ಮೊದಲ ಸಲ ಓದಿದಾಗ ನನ್ನ ಕಣ್ಣು ಒದ್ದೆಯಾಯಿತು ಎಂದರೆ ನಗಬೇಡಿ. ನಾನು ಜೀವನವಿಡೀ ಮಾಡಿದ್ದು ಇದನ್ನೇ. ಪೂರ್ವಕ್ಕೆ ತೋಡು, ಪಶ್ಚಿಮಕ್ಕೆ ದಾರಿ ಎಂದು ನಾನು ಬರೆದ ಮೇಲೆಯೇ ಎಷ್ಟೋ ಜನರ ಜಾಗಕ್ಕೆ ಪೂರ್ವ ಪಶ್ಚಿಮ ಬಂದದ್ದು. ಕೈಪಿಡಿಯನ್ನು ಮುದ್ರಿಸಿ, ಕೆಂಪು ಶಾಯಿಯಲ್ಲಿ ಗೆರೆ ಎಳೆದು, ಎರಡು ತಿಂಗಳು ಓದಿದೆ. ನನ್ನ ಕಡತಕ್ಕೂ ಆಧಾರ ಎಂದೇ ಹೆಸರಿಟ್ಟೆ.

ಅಷ್ಟಕ್ಕೇ ಬಿಡಬಹುದಿತ್ತು. ಬಿಡಲಿಲ್ಲ. ಬಲ್ಲವರು ಮಾಡುವ ಇನ್ನೂ ಕಠಿಣವಾದ ಒಂದು ವ್ರತ ಇದೆ ಎಂದು ಓದಿದೆ. ಯಂತ್ರ ಪ್ರತಿ ಸಲ ಆರಿ ಹೊತ್ತಿದಾಗಲೂ, ಉಳಿಸಬೇಕಾದವುಗಳ ಪಟ್ಟಿಯಲ್ಲಿ ಇಲ್ಲದ್ದನ್ನೆಲ್ಲ ತ್ಯಜಿಸಿ ಎದ್ದೇಳುವಂತೆ ಮಾಡಬಹುದು. ಪಟ್ಟಿಯಲ್ಲಿದ್ದದ್ದು ಡಿಸ್ಕಿಗೆ ಹೋಗುತ್ತದೆ. ಇಲ್ಲದ್ದು ಯಂತ್ರದ ನೆನಪಿನಲ್ಲಷ್ಟೇ ಇರುತ್ತದೆ, ಕರೆಂಟು ಹೋದರೆ ಹೋಯಿತು. ಕಸ ಕಟ್ಟುವುದಿಲ್ಲ. ನನಗೆ ರೋಮಾಂಚನವಾಯಿತು.

"ಸುನಂದಾ, ಇದು ಅಪರಿಗ್ರಹ. ನಮ್ಮ ಮುನಿಗಳ ಹಾಗೆ," ಎಂದೆ ಹೆಂಡತಿಗೆ.

"ಮುನಿಗಳು ಇಷ್ಟು ಗೊರ್ರನ್ನಲ್ಲ ಮಾರಾಯ್ರೆ," ಎಂದಳು. ಕೋಣೆಯ ಬಾಗಿಲು ಹಾಕಿಕೊಂಡು ಹೋದಳು.

ಬೊಮ್ಮಿ ಮೆಣಸು ಕೊಯ್ಯುವ ಕಾಲಕ್ಕೆ ಮುತ್ತಂಗದ ಕಡೆಯ ಹಾಡಿಯಿಂದ ಬರುತ್ತಾಳೆ. ಹಾಡಿ ಎಂದರೆ ಕಾಡಿನೊಳಗಿನ ಆದಿವಾಸಿಗಳ ಕೇರಿ. ನನಗಿಂತ ಎರಡು ಮೂರು ವರ್ಷ ಚಿಕ್ಕವಳಿರಬೇಕು. ಅವಳ ತಾಯಿ ಕೆಂಚಿಯೂ ಬರುತ್ತಿದ್ದಳು. ಕೆಂಚಿ ಸತ್ತ ಮೇಲೆ ಇವಳು ಒಬ್ಬಳೇ. ಆ ವರ್ಷ ಬಂದವಳು ಕೋಣೆಯ ಸದ್ದು ಕೇಳಿ ನಿಂತಳು.

"ಅದೇನ್ ಗೌಡ್ರೆ ಒಳಗೆ? ಹಂದಿ ಕಟ್ಟಿದ್ದೀರಾ?"

ನಾನು ಅವಳಿಗೆ ಭಾಷಣ ಮಾಡಿದೆ. ಬೇರೆ ಯಾರೂ ಕೇಳದ ಭಾಷಣ ಅದು. ಒಬ್ಬರು ಸಿಕ್ಕಿದರೆ ಬಿಡುವುದುಂಟೆ? ಕೊನೆಯಲ್ಲಿ ಹೇಳಿದೆ — ಇದು ನನಗೆ ಚೆನ್ನಾಗಿ ನೆನಪಿದೆ — "ಬೊಮ್ಮೀ, ಇದರಲ್ಲಿ ಇಟ್ಟದ್ದು ಎಂದಿಗೂ ಹೋಗುವುದಿಲ್ಲ."

ಮರುವಾರ ಅವಳು ಬಟ್ಟೆಯ ಗಂಟಿನಲ್ಲಿ ಒಂದು ಕ್ಯಾಸೆಟ್ ತಂದಳು. ಗಂಡ ಕೊಡಗಿಗೆ ಶುಂಠಿ ಕೆಲಸಕ್ಕೆ ಹೋದಾಗ ತಂದ ಟೇಪ್ ರೆಕಾರ್ಡರಿನಲ್ಲಿ, ಸಿನೆಮಾ ಹಾಡಿನ ಮೇಲೆಯೇ ತುಂಬಿಸಿದ್ದು. ತುಂಬಿಸಿದ ದಿನ ಒಂದು ಸಲ ಎಲ್ಲರೂ ಕೇಳಿ ನಕ್ಕಿದ್ದರು. ಆಮೇಲೆ ಆ ಯಂತ್ರ ಕೆಟ್ಟಿತು. ಈಗ ಅಂಥದ್ದು ಯಾರ ಬಳಿಯೂ ಇಲ್ಲ. ನನ್ನ ಅಟ್ಟದಲ್ಲಿ ಒಂದಿತ್ತು.

"ಅವ್ವೆ ಪಾಟ್ಟ್ ಗೌಡ್ರೆ. ನಮ್ಮ ಸತ್ತೋರ್ದು."

ಪಾಟ್ಟು ಎಂದರೆ ಹಾಡು, ಮಲಯಾಳದ ಮಾತು. ಅವಳು ಹೇಳಿದ್ದನ್ನು ನಾನು ಅರ್ಥ ಮಾಡಿಕೊಂಡಷ್ಟು ಹೇಳುತ್ತೇನೆ. ವಿಷು ಕಳೆದು ಮಳೆ ಹಿಡಿಯುವ ಮೊದಲು ಅವಳ ಮನೆತನದವರು ಒಂದು ದಿನ ಸತ್ತವರನ್ನು ಊಟಕ್ಕೆ ಕರೆಯುತ್ತಾರೆ. ಹಳಬರಿಂದ ಮೊದಲ್ಗೊಂಡು ಒಬ್ಬೊಬ್ಬರ ಹೆಸರು, ಅವರ ಬಗ್ಗೆ ಒಂದು ಮಾತು, ಬಾ ಉಣ್ಣು ಎಂಬ ಕರೆ. ಹೆಸರು ಕರೆದ ಮೇಲೆ ಒಂದು ಎಲೆ ಹಾಸಿ ಒಂದು ಹಿಡಿ ಅನ್ನ. ಹೆಸರುಗಳನ್ನು ಹಾರಿಸುವ ಹಾಗಿಲ್ಲ. ಮುಂದಿನ ಹೆಸರು ಬಾರದಿದ್ದರೆ ಅಲ್ಲಿಗೇ ನಿಲ್ಲಬೇಕು. ಅದರ ಆಚೆಯವರಿಗೆ ಎಲೆ ಇಲ್ಲ. ಕೆಂಚಿ ಬದುಕಿರುವವರೆಗೆ ಅವಳೇ ಹಾಡುತ್ತಿದ್ದಳು. ಬೊಮ್ಮಿ ಪ್ರಾಯದಲ್ಲೆಲ್ಲ ಗಂಡನ ಜೊತೆ ಕೊಡಗಿನಲ್ಲಿದ್ದವಳು. ಮೊದಲ ಏಳು ಹೆಸರು ಗೊತ್ತು, ಕೊನೆಯ ಮೂರೂ ಗೊತ್ತು. ಕೊನೆಯ ಮೂರು ಅವಳ ಮುತ್ತಜ್ಜಿ, ಅಜ್ಜಿ, ತಾಯಿ. ನಡುವಿನದು ಗೊತ್ತಿಲ್ಲ; ಬಲ್ಲವರು ಬೇರೆ ಯಾರೂ ಉಳಿದಿಲ್ಲ.

"ಅವ್ವೆ ಸತ್ತ್ ಎರಡ್ ವರ್ಷ ಆಯ್ತು. ಎಲೆ ಹಾಕಕ್ಕೆ ಆಗ್ಲಿಲ್ಲ. ಏಳಕ್ಕೆ ನಿಂತೋಗ್ತೀನಿ. ಅವ್ಳು ಆಚೆ ಕಡೆ ಕಾಯ್ತಾ ಕೂತಿರ್ತಾಳೆ," ಎಂದಳು. ಬಸ್ಸಿಗೆ ಕಾಯುವವರ ಬಗ್ಗೆ ಹೇಳುವಂತೆ ಹೇಳಿದಳು.

ನಾನು ಮಾಡಿಕೊಡುತ್ತೇನೆ ಎಂದೆ.

ಮರುದಿನ ಬೆಳಿಗ್ಗೆ, ಸುನಂದೆ ಕೊಟ್ಟ ಕಾಫಿ ಕುಡಿಯುತ್ತ, ಆಧಾರದ ಕಡತ ತೆರೆದು ಉಳಿಸಬೇಕಾದವುಗಳ ಪಟ್ಟಿಗೆ ಒಂದು ಹೊಸ ಫೋಲ್ಡರ್ ಸೇರಿಸಿದೆ. ಇಂಗ್ಲಿಷ್ ಅಕ್ಷರದಲ್ಲಿ ಅದರ ಹೆಸರು — ಹಾಡು. ದಿನಕ್ಕೊಮ್ಮೆ ಅದರ ನಕಲು ಎರಡನೆಯ ಡಿಸ್ಕಿಗೂ ಹೋಗುವಂತೆ ಬರೆದೆ. ಆಮೇಲೆ ಕೆಲಸಕ್ಕೆ ಹೋದೆ. ಮಧ್ಯಾಹ್ನದವರೆಗೆ ಒಂದು ಭಾಗಪತ್ರ, ಒಬ್ಬ ಅಣ್ಣ, ನಾಲ್ವರು ತಮ್ಮಂದಿರು, ಎಲ್ಲ ಮಲಯಾಳದಲ್ಲಿ. ಮನೆಗೆ ಬಂದು, ಬಾಯಲ್ಲಿ ಅದೇ ಭಾಷೆ ಇಟ್ಟುಕೊಂಡೇ, ಟೇಪ್ ರೆಕಾರ್ಡರಿನಿಂದ ನೇರ ಸರ್ವರಿಗೆ ವೈರು ಎಳೆದು, ತುಂಬಿಸಲು ಒಂದು ಫೋಲ್ಡರ್ ಮಾಡಿದೆ. ಅದಕ್ಕೆ ಇಟ್ಟ ಹೆಸರು — ಪಾಟ್ಟು.

ಪಕಾರ ಹಕಾರವಾಗಲು ಕನ್ನಡಕ್ಕೆ ಕೆಲವು ಶತಮಾನ ಹಿಡಿಯಿತಂತೆ. ನಾನು ಒಂದು ಮಧ್ಯಾಹ್ನದಲ್ಲಿ ಅದನ್ನು ಹಿಂದಕ್ಕೆ ತಿರುಗಿಸಿದೆ.

ಆಗ ತಿಳಿಯಲಿಲ್ಲ. ಕೆಂಚಿ ಹಾಡುತ್ತಿದ್ದಳು. ಒಡೆದ ಧ್ವನಿ, ಹಿಂದೆ ಒಂದು ಕೋಳಿ, ನಡುವೆ ಯಾರೋ ಕೆಮ್ಮುವುದು. ಎರಡು ಕಡೆಯೂ ತುಂಬಿಸಿಕೊಂಡು, ಸರಿಯಾಗಿದೆಯೇ ಎಂದು ಮತ್ತೊಮ್ಮೆ ಪೂರ್ತಿ ಕೇಳಿದೆ. ಕಕ್ಷಿದಾರರನ್ನು ಎಣಿಸುವ ಅಭ್ಯಾಸದಿಂದ ಹೆಸರುಗಳನ್ನು ಎಣಿಸಿದೆ: ಹದಿನೈದು. ಕೆಂಚಿಯದೂ ಸೇರಿದರೆ ಹದಿನಾರು. ಬರೆದುಕೊಳ್ಳಲಿಲ್ಲ. ಯಂತ್ರದಲ್ಲಿ ಇದೆಯಲ್ಲ.

ಕ್ಯಾಸೆಟ್ ಹೊಗೆ ಕುಡಿದು, ಬೂಸ್ಟು ಹಿಡಿದು ಮುಪ್ಪಾಗಿತ್ತು. ಹಿಂದಕ್ಕೆ ಸುತ್ತುವಾಗ ರೀಲು ಒಳಗೆ ಸಿಕ್ಕಿಕೊಂಡು ಹರಿಯಿತು. ಕೈಗೆಲ್ಲ ಕಂದು ಪುಡಿ. ಗದ್ದೆಯಲ್ಲಿ ಹಲಸಂದೆ ಹಾಕಿದ್ದೆವು, ನವಿಲಿನ ಕಾಟ. ನಾನು ಆ ರೀಲನ್ನು ಗೇಣುದ್ದ ಕತ್ತರಿಸಿ, ಹಗ್ಗಕ್ಕೆ ಸಾಲಾಗಿ ಕಟ್ಟಿ, ಹಲಸಂದೆಯ ಮೇಲೆ ಎಳೆದೆ. ಗಾಳಿ ಬಂದರೆ ಬುರ್ ಎನ್ನುತ್ತಿತ್ತು. ನವಿಲು ಎರಡು ದಿನ ಹೆದರಿದವು.

ಬೊಮ್ಮಿಯ ಮಗಳ ಫೋನಿಗೆ ಹಾಡನ್ನು ಹಾಕಿಕೊಡುವುದು ಎಂದಾಗಿತ್ತು. ಆ ಮಗಳು ಬತ್ತೇರಿಯ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದಳು, ರಜೆ ಸಿಗುವುದು ತಡವಾಯಿತು. ಸರ್ವರ್ ಹಗಲೂ ರಾತ್ರಿ ನಡೆಯಿತು. ಇನ್ವರ್ಟರ್ ಇದ್ದುದರಿಂದ ಕರೆಂಟು ಹೋದರೂ ನಿಲ್ಲಲಿಲ್ಲ. ನಕಲು ತೆಗೆಯುವ ಕಾರ್ಯಕ್ರಮ ದಿನಾ ‘ಹಾಡು’ ಎಂಬ ಖಾಲಿ ಫೋಲ್ಡರನ್ನು ಶ್ರದ್ಧೆಯಿಂದ ನಕಲು ಮಾಡಿ, ಯಶಸ್ವಿ ಎಂದು ನನಗೆ ವರದಿ ಒಪ್ಪಿಸಿತು. ನಾನು ದಿನಾ ಆ ವರದಿಯನ್ನು ಓದಿ ತೃಪ್ತನಾದೆ. ಇಬ್ಬರೂ ಒಳ್ಳೆಯ ಗುಮಾಸ್ತರು.

ಇಪ್ಪತ್ತಮೂರನೆಯ ದಿನ, ಒಂದು ಭಾನುವಾರ ಬೆಳಿಗ್ಗೆ, ಸುನಂದೆಗೆ ಮೆಣಸಿನ ಮೂಟೆ ಇಡಲು ಜಾಗ ಬೇಕಾಯಿತು.

"ಈ ನಿಮ್ಮ ಮುನಿನ ಸ್ವಲ್ಪ ಆಚೆ ಜರುಗಿಸ್ತೀರಾ? ಆಫ್ ಮಾಡಿದ್ರೆ ಏನಾದ್ರೂ ಹೋಗುತ್ತಾ?"

"ಏನೂ ಹೋಗುವುದಿಲ್ಲ. ಆಧಾರ ಇದೆ. ಸತ್ತರೂ ಅದೇ ರೂಪದಲ್ಲಿ ಹುಟ್ಟುತ್ತದೆ. ನೋಡು," ಎಂದೆ. ಆರಿಸಿದೆ, ಜರುಗಿಸಿದೆ, ಹೊತ್ತಿಸಿದೆ. ಆಧಾರದಲ್ಲಿ ಬರೆದಂತೆಯೇ ಹುಟ್ಟಿತು. ‘ಹಾಡು’ ಇತ್ತು, ಒಳಗೆ ಏನೂ ಇರಲಿಲ್ಲ. ‘ಪಾಟ್ಟು’ ಇರಲಿಲ್ಲ.

ಯಂತ್ರ ತಪ್ಪು ಮಾಡಿರಲಿಲ್ಲ. ನಾನು ಬರೆದದ್ದನ್ನು ಅಕ್ಷರಶಃ ಪಾಲಿಸಿತ್ತು. ನನ್ನ ಕಕ್ಷಿದಾರರಲ್ಲಿ ಯಾರೂ ಅಷ್ಟು ಪ್ರಾಮಾಣಿಕವಾಗಿ ಪಾಲಿಸಿದ್ದಿಲ್ಲ.

ಆಗ ಎದೆ ಧಸಕ್ಕೆನ್ನಬೇಕಿತ್ತು. ಎನ್ನಲಿಲ್ಲ. ಕಾರಣ ಹುಡುಕಿ, ಎರಡು ಹೆಸರುಗಳನ್ನು ಒಂದರ ಕೆಳಗೊಂದು ನೋಡಿ, ಎದ್ದು ಹೋಗಿ ತಿಂಡಿ ತಿಂದೆ. ಇಡ್ಲಿ. ಚಟ್ನಿಗೆ ಉಪ್ಪು ಕಡಿಮೆ ಎಂದು ಹೇಳಿದ್ದು ಕೂಡ ನೆನಪಿದೆ. ಆಮೇಲೆ ಗದ್ದೆಗೆ ಹೋಗಿ ರೀಲಿನ ತುಂಡುಗಳನ್ನು ನೋಡಿದೆ. ಬಿಸಿಲು ಮಂಜು ತಿಂದು, ಲೇಪ ಉದುರಿ, ಆಚೆಯ ಆಕಾಶ ಕಾಣುವಷ್ಟು ಬಿಳಿಚಿದ್ದವು. ಬಿಚ್ಚಲಿಲ್ಲ. ಬಿಚ್ಚಿ ಏನು ಮಾಡುವುದು.

"ಬೊಮ್ಮಿಗೆ ಹೇಳಿಬಿಡಿ," ಎಂದಳು ಸುನಂದೆ.

"ನೋಡೋಣ," ಎಂದೆ.

ಬೊಮ್ಮಿ ಬುಧವಾರ ಬಂದಳು. ಮಗಳ ಫೋನನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದಿದ್ದಳು. ಬಂದವಳು ಜಗಲಿಯ ಕೆಳಗೆ ನಿಂತು ಆ ಗಂಟು ಬಿಚ್ಚುತ್ತಿರುವಾಗಲೇ ನಾನು ಹೇಳಿದೆ — ಫೋನು ಹೊರಗೆ ಬರುವ ಮೊದಲೇ ಹೇಳಿಬಿಡಬೇಕು ಅನ್ನಿಸಿತು, ಯಾಕೋ — "ಬೊಮ್ಮೀ, ಆ ಕ್ಯಾಸೆಟ್ಟಿನಲ್ಲಿ ಏನೂ ಉಳಿದಿರಲಿಲ್ಲ. ಹಾಳಾಗಿಬಿಟ್ಟಿತ್ತು."

"ಏನೂ?"

"ಒಂದು ಅಕ್ಷರವೂ."

ಅವಳು ಗಂಟನ್ನು ಮತ್ತೆ ಕಟ್ಟಿದಳು.

"ನಂದೇ ಬುದ್ಧಿ ಗೌಡ್ರೆ. ತೇವ ತಾಗ್ಬಾರ್ದು ಅಂತ ಒಲೆ ಮೇಲ್ಗಡೆ ಕಟ್ಟಿಟ್ಟೆ. ಬಿತ್ನೆ ರಾಗಿ ಎಲ್ಲ ಅಲ್ಲೇ ಅಲ್ವಾ ಇಡೋದು. ಹೊಗೆ ತಿಂದ್ಬಿಡ್ತಾ ಅವ್ವೆನ?"

ಈ ಜಾಗದಲ್ಲಿ ಒಂದು ಬಾಗಿಲಿತ್ತು. ಈಗಲೂ ಅದು ಎಲ್ಲಿತ್ತು ಎಂದು ಬೆರಳಿಟ್ಟು ತೋರಿಸಬಲ್ಲೆ. ನಾನು ಹೇಳಿದ ಮಾತು ಒಂದೇ:

"ಇರಬಹುದು."

ಎಷ್ಟು ಪತ್ರ ಬರೆದಿದ್ದೇನೋ, ಒಂದರಲ್ಲೂ ಇರಬಹುದು ಎಂಬ ಪದ ಹಾಕಿದವನಲ್ಲ ನಾನು. ನೋಂದಣಿಗೆ ನಿಲ್ಲುವುದಿಲ್ಲ ಅದು. ಬೊಮ್ಮಿಯ ಮುಂದೆ ನಿಂತಿತು.

"ಕುಳಪ್ಪ ಇಲ್ಲ ಗೌಡ್ರೆ," ಎಂದಳು. ತೊಂದರೆಯಿಲ್ಲ, ಬಿಡಿ ಎನ್ನಲು ನಮ್ಮ ಕಡೆಯ ಮಾತು ಅದು. "ನೀವು ನೋಡಿದ್ರಲ್ಲ, ಅದೇ ದೊಡ್ಡದು. ಡಬ್ಬಿ ಆದ್ರೂ ಕೊಡಿ. ಅವ್ವೆ ಅದ್ನ ಕೈಯಲ್ಲಿ ಹಿಡ್ದು ನೋಡಿದ್ಳು."

ಎಸೆದುಬಿಟ್ಟೆ ಎಂದೆ. ಅದು ಮಾತ್ರ ನಿಜ. ಗದ್ದೆಯಿಂದ ಗಾಳಿ ಬಂತು, ತುಂಡುಗಳು ಬುರ್ ಎಂದವು. ಬೊಮ್ಮಿ ಆ ಕಡೆ ತಿರುಗಿ, "ನವಿಲಿಗಾ? ಒಳ್ಳೇದು," ಎಂದಳು. ಎಂದು, ಮೆಣಸು ಕೊಯ್ಯಲು ಏಣಿ ಎತ್ತಿಕೊಂಡಳು.

ಇಷ್ಟೇ ಆಗಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲವೇನೋ. ಯಂತ್ರ ಮರೆಯಿತು, ನಾನು ಸುಳ್ಳು ಹೇಳಿದೆ, ಅಲ್ಲಿಗೆ ಮುಗಿಯಿತು ಎಂದುಕೊಳ್ಳಬಹುದಿತ್ತು. ಆದರೆ ನಾನು ಆ ಹಾಡನ್ನು ಎರಡು ಸಲ ಕೇಳಿದ್ದೆ. ಕೆಂಚಿಯ ಧ್ವನಿ ಹೋಗಿತ್ತು, ಹೆಸರುಗಳು ಹೋಗಿರಲಿಲ್ಲ. ಆ ಬುಧವಾರ, ಬೊಮ್ಮಿ ಜಗಲಿಯ ಕೆಳಗೆ ನಿಂತಿದ್ದಾಗ, ಎಂಟರಿಂದ ಹದಿಮೂರರವರೆಗಿನ ಆರು ಹೆಸರೂ ನನ್ನ ತಲೆಯಲ್ಲಿದ್ದವು. ಇದ್ದವು. ಹೆಸರು ನೆನಪಿಟ್ಟುಕೊಳ್ಳುವುದೇ ನನ್ನ ಉದ್ಯೋಗ. ಬಾಯಿ ತೆರೆದಿದ್ದರೆ ಸಾಲು ಕೂಡಿಬಿಡುತ್ತಿತ್ತು, ಆ ವರ್ಷವೇ ಕೆಂಚಿಗೆ ಎಲೆ ಬೀಳುತ್ತಿತ್ತು. ಆದರೆ ಏನೂ ಇಲ್ಲದ ಕ್ಯಾಸೆಟ್ಟಿನಿಂದ ಆರು ಹೆಸರು ನನಗೆ ಹೇಗೆ ಬಂದವು ಎಂದು ಹೇಳಬೇಕಾಗುತ್ತಿತ್ತು.

ಒಂದು ಚೀಟಿಯಲ್ಲಾದರೂ ಬರೆದಿಡಬಹುದಿತ್ತಲ್ಲ ಎಂದು ನೀವು ಕೇಳಬಹುದು. ಬರೆದರೆ ದಾಖಲೆಯಾಗುತ್ತದೆ. ನನ್ನಷ್ಟು ಚೆನ್ನಾಗಿ ಇದನ್ನು ಬಲ್ಲವರು ಯಾರು.

ಮುಂದಿನ ಮೆಣಸಿನ ಕಾಲಕ್ಕೆ ಬೊಮ್ಮಿ ಬಂದು, ನಾನು ಕೇಳದೆಯೇ ಹೇಳಿದಳು: "ಏಳಕ್ಕೆ ನಿಂತೆ ಗೌಡ್ರೆ." ನಾನು ಹೌದಾ ಎಂದೆ. ಎಂಟನೆಯ ಹೆಸರು ನಾಲಗೆಯ ಮೇಲೆಯೇ ಇತ್ತು. ಅದರ ಮುಂದಿನ ವರ್ಷವೂ ಅದೇ ಮಾತು, ನನ್ನದೂ ಅದೇ ಹೌದಾ. ಅಷ್ಟರಲ್ಲಿ ಹದಿಮೂರು, ಹನ್ನೆರಡು ಹೋಗಿದ್ದವು. ಹೋದದ್ದು ತಿಳಿಯಲೂ ಇಲ್ಲ. ಒಳಗೆ ಯಾವುದಕ್ಕೂ ಸದ್ದಿರಲಿಲ್ಲ. ಊಟ ಸೇರುತ್ತಿತ್ತು, ನಿದ್ದೆ ಬರುತ್ತಿತ್ತು, ಪರ್ಯೂಷಣದಲ್ಲಿ ಎಲ್ಲರ ಬಳಿಯೂ ಕ್ಷಮೆ ಕೇಳುವ ದಿನ ಮೀನಂಗಡಿಯ ಪರಿಚಯದವರಿಗೆಲ್ಲ ಫೋನ್ ಮಾಡಿ ತಿಳಿದೋ ತಿಳಿಯದೆಯೋ ಮಾಡಿದ ತಪ್ಪನ್ನು ಮನ್ನಿಸಿ ಎಂದೆ. ಬೊಮ್ಮಿಯ ಮಗಳ ಸಂಖ್ಯೆ ನನ್ನ ಫೋನಿನಲ್ಲಿತ್ತು.

ಈ ಜನವರಿಯಲ್ಲಿ ನೋಂದಣಿ ಕಚೇರಿಯ ಬೆಂಚಿನ ಮೇಲೆ ಕೂತು ಕಕ್ಷಿದಾರನಿಗೆ ಕಾಯುತ್ತಿದ್ದಾಗ, ಸುಮ್ಮನೆ ಸಾಲನ್ನು ಹೇಳಿಕೊಂಡೆ. ಎಂಟು ಬಂತು. ಒಂಬತ್ತು ಬಂತು. ಹತ್ತು ಬರಲಿಲ್ಲ. ‘ಕ’ ಇತ್ತೇ, ‘ಚ’ ಇತ್ತೇ — ಇಲ್ಲ. ಹೆದರಿಕೆಯಾಗಲಿಲ್ಲ. ಮುಂದಿನ ವರ್ಷ ಒಂದು, ಆಮೇಲೆ ಅದೂ ಇಲ್ಲ ಎಂಬುದು ಮಾತ್ರ ಮಳೆಯ ಮುನ್ಸೂಚನೆ ಕೇಳಿದಂತೆ ತಿಳಿಯಿತು.

ಆ ವಾರ ಬೊಮ್ಮಿ ಕಣದಲ್ಲಿ ಮೆಣಸಿನ ತೆನೆಗಳನ್ನು ಕಾಲಿನಿಂದ ತುಳಿದು ಕಾಳು ಬಿಡಿಸುತ್ತಿದ್ದಳು. ನಾನು ಹತ್ತಿರ ಹೋಗಿ ನಿಂತು ಎಲ್ಲವನ್ನೂ ಹೇಳಿದೆ. ಯಾವ ಕ್ರಮದಲ್ಲಿ ನಡೆಯಿತೋ ಅದೇ ಕ್ರಮದಲ್ಲಿ — ಎರಡು ಫೋಲ್ಡರ್, ಆರಿಸಿದ್ದು, ಸುಳ್ಳು, ಹಲಸಂದೆಯ ಮೇಲಿನ ರೀಲು. ಅವಳು ತುಳಿಯುತ್ತಲೇ ಇದ್ದಳು. ಹೊಗೆ ತಿಂದದ್ದಲ್ಲ, ನಾನು ಎಂದಾಗ ಕಾಲು ನಿಂತಿತು.

"ಹಂಗಾರೆ ಅವ್ವೆ ಅದ್ರಲ್ಲಿ ಇದ್ಳು."

"ಇದ್ದಳು."

"ಕೇಟ್ರಾ ನೀವು?"

"ಎರಡು ಸಲ."

"ಎಂಟನೇದು ಹೇಳಿ."

"ಮಾಚಿ," ಎಂದೆ. "ಕುಂಟುಗಾಲಲ್ಲಿ ಹೊಳೆ ದಾಟಿದ ಮಾಚಿ."

ಅವಳು ತುಟಿಯಲ್ಲೇ ಅದನ್ನು ಹೇಳಿಕೊಂಡಳು. "ಒಂಬತ್ತು?"

"ಬೆಳ್ಳ. ಜೇನಿಗೆ ಬೈಯದ ಬೆಳ್ಳ."

"ಹತ್ತು?"

ನಾನು ಕಣದ ಅಂಚಿನಿಂದ ಒಂದು ತೆನೆ ಎತ್ತಿಕೊಂಡೆ.

"ಹತ್ತು ಗೌಡ್ರೆ?"

"ಇತ್ತು. ಅಂದು ಹದಿಮೂರರವರೆಗೂ ಇತ್ತು. ಈಗ ಇಲ್ಲ."

ಅವಳು ಬೈಯಲಿಲ್ಲ. ಬೈಯಲಿ ಎಂದು ನಾನು ಕಾದೆ. ಅದೂ ಒಂದು ಲೋಭ. ಬಗ್ಗಿ ಕಾಲಿಗೆ ಅಂಟಿದ ಕಾಳುಗಳನ್ನು ಒಂದೊಂದಾಗಿ ಕಣಕ್ಕೆ ಬಿಡಿಸಿ ಹಾಕಿದಳು. ಆಮೇಲೆ ನನ್ನ ಮುಖ ನೋಡಿ ಹೇಳಿದಳು:

"ಮೂರ್ ವರ್ಷ ನಮ್ಮೋರ್ನ ಬಾಯಲ್ಲಿ ಇಟ್ಕೊಂಡು ಕೂತಿದ್ರಲ್ಲ ಗೌಡ್ರೆ. ಅವ್ರಿಗೂ ಎಲೆ ಹಾಕ್ದೆ, ನಂಗೂ ಕೊಡ್ದೆ."

ಅಷ್ಟು ಹೇಳಿ ಮತ್ತೆ ತುಳಿಯತೊಡಗಿದಳು. ಕುಳಪ್ಪ ಇಲ್ಲ ಎನ್ನಲಿಲ್ಲ.

ಆ ಸಂಜೆ ಎರಡು ಹೆಸರನ್ನೂ ಒಂದು ಬಿಳಿ ಹಾಳೆಯ ಮೇಲೆ ಬರೆದೆ. ಬೊಮ್ಮಿಗೆ ಓದಲು ಬಾರದು. ಮಗಳಿಗೆ ಮಲಯಾಳ ಮಾತ್ರ ಓದಲು ಬರುತ್ತದೆ. ಮಲಯಾಳದಲ್ಲೂ ಬರೆದು, ಕೆಳಗೆ ಸಹಿ ಹಾಕಿ ಕೊಟ್ಟೆ. ಸಹಿ ಯಾಕೆ ಎಂದು ಗೊತ್ತಿಲ್ಲ. ಅವಳು ಮಡಚಿ ತೆಗೆದುಕೊಂಡು ಹೋದಳು. ಉಳಿದ ನಾಲ್ಕಕ್ಕಾಗಿ ನಾನು ದಿನಾ ಕೂರುತ್ತೇನೆ. ಧ್ವನಿ ಬರುತ್ತದೆ, ಕೋಳಿ ಬರುತ್ತದೆ, ಕೆಮ್ಮು ಕೂಡ ಬರುತ್ತದೆ.

ವಿಷು ಕಳೆದು ಎರಡು ವಾರಕ್ಕೆ ಮಗಳು ಫೋನ್ ಮಾಡಿ, ಅಮ್ಮ ಹೇಳಲು ಹೇಳಿದ್ದಾಳೆ ಎಂದಳು. ಈ ವರ್ಷ ಬೊಮ್ಮಿ ಒಂಬತ್ತನೆಯ ಹೆಸರಿನವರೆಗೆ ಹಾಡಿ ನಿಲ್ಲಿಸಿದಳು. ಕೆಂಚಿಯದು ಹದಿನಾರನೆಯದು.